ಪ್ಲೇಟ್ ಸಾಲ್ವಿಂಗ್: ವಿಂಡೋಸ್, ಮ್ಯಾಕ್, ಲಿನಕ್ಸ್ ಬಳಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಆಕಾಶದ ಫೋಟೋ ತೆಗೆಯುವವರು ಭೇಟಿಯಾದಾಗ, ಮೇಲ್‌ನಲ್ಲಿ ಕೇಳಿದಾಗ ತಿರುಗಿ ತಿರುಗಿ ಬರುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಪ್ಲೇಟ್ ಸಾಲ್ವಿಂಗ್ ಎಂದರೆ ಫೋಟೋದಲ್ಲಿರುವ ನಕ್ಷತ್ರಗಳನ್ನು ನಕ್ಷತ್ರಪಟ್ಟಿಗೆ ಹೋಲಿಸಿ, ಅದು ಆಕಾಶದ ಯಾವ ಭಾಗವೆಂದು ಸಾಫ್ಟ್‌ವೇರ್‌ನಿಂದ ಕಂಡುಹಿಡಿಯುವುದು. ಸಾಲ್ವ್ ಆಗದಿದ್ದಾಗ ಎಲ್ಲರೂ ಮೊದಲು ಬೈಯುವುದು ಆಪರೇಟಿಂಗ್ ಸಿಸ್ಟಂಗೆ. ನನ್ನ ಅನುಭವದಲ್ಲಿ ಗಂಟು ಇರುವುದು ಹೆಚ್ಚಾಗಿ ಎರಡೇ ಕಡೆ: ಚಿತ್ರದ ಸ್ಕೇಲ್ (ಒಂದು ಪಿಕ್ಸೆಲ್ ಆಕಾಶದಲ್ಲಿ ಎಷ್ಟು ಅಗಲ ಹಿಡಿಯುತ್ತದೆ ಎಂಬ ಲೆಕ್ಕ) ತಪ್ಪಾಗಿರುತ್ತದೆ, ಇಲ್ಲವೇ ಅದಕ್ಕೆ ಹೊಂದುವ ನಕ್ಷತ್ರಪಟ್ಟಿ ಇರುವುದಿಲ್ಲ.

## ಶುರು ಮಾಡುವವರಿಗೆ

ಪ್ಲೇಟ್ ಸಾಲ್ವಿಂಗ್ ಯಾಕೆ ಬೇಕು? ಕ್ಯಾಮೆರಾ ಎಲ್ಲಿಗೆ ತಿರುಗಿಸಿದ್ದೆ ಅಂತ ನನಗೇ ಗೊತ್ತಲ್ವಾ?

ಕೃತ್ತಿಕೆಯ ಕಡೆಗೆ ತಿರುಗಿಸಿದ್ದೆ ಎನ್ನುವುದು ನಿಮಗೆ ಗೊತ್ತಿರುತ್ತದೆ. ಚಿತ್ರದ ನಟ್ಟನಡುವಿನ ಪಿಕ್ಸೆಲ್ ಆಕಾಶದಲ್ಲಿ ಎಲ್ಲಿದೆ, ಕ್ಯಾಮೆರಾ ಎಷ್ಟು ಡಿಗ್ರಿ ವಾಲಿದೆ, ಒಂದು ಪಿಕ್ಸೆಲ್‌ಗೆ ಎಷ್ಟು ಆರ್ಕ್‌ಸೆಕೆಂಡ್ (ಡಿಗ್ರಿಯ 3600ರಲ್ಲಿ ಒಂದು ಭಾಗ), ಚಿತ್ರ ಕನ್ನಡಿಯಂತೆ ತಿರುಗಿದೆಯಾ, ಇಷ್ಟನ್ನೂ ಸಾಲ್ವರ್ ಹೇಳುತ್ತದೆ. ಮಸುಕಾದ ಗೆಲಾಕ್ಸಿಯನ್ನು ಚಿತ್ರದ ಮಧ್ಯಕ್ಕೆ ತರಲು ಈಗ ಯಾರೂ ಐಪೀಸ್‌ನಲ್ಲಿ ಹುಡುಕಾಡುವುದಿಲ್ಲ. ಒಂದು ಫೋಟೋ ತೆಗೆದು, ಸಾಲ್ವ್ ಮಾಡಿ, ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೌಂಟ್‌ಗೆ ಎಷ್ಟು ಸರಿಯಬೇಕೆಂದು ಹೇಳಿದರೆ ಆಯಿತು. ಮುಂದಿನ ರಾತ್ರಿ ಅದೇ ಚೌಕಟ್ಟು ಮತ್ತೆ ಸಿಗುತ್ತದೆ. ಧೂಮಕೇತು, ಕ್ಷುದ್ರಗ್ರಹಗಳ ಸ್ಥಾನ ಅಳೆಯುವವರಿಗಂತೂ ಇದಿಲ್ಲದೆ ಕೆಲಸವೇ ನಡೆಯದು.

ಇಷ್ಟೊಂದು ನಕ್ಷತ್ರಗಳಲ್ಲಿ ಅದು ಹೇಗೆ ಗುರುತು ಹಿಡಿಯುತ್ತೆ?

ನಾಲ್ಕು ನಾಲ್ಕು ನಕ್ಷತ್ರಗಳ ಗುಂಪು ಮಾಡಿ. ಆಸ್ಟ್ರೋಮೆಟ್ರಿ ಡಾಟ್ ನೆಟ್ ಎಂಬ ಸಾಫ್ಟ್‌ವೇರ್ ಆ ನಾಲ್ಕರಲ್ಲಿ ಅತಿ ದೂರ ಇರುವ ಎರಡನ್ನು ಎದುರುಬದುರು ಮೂಲೆಗಳೆಂದು ಇಟ್ಟುಕೊಳ್ಳುತ್ತದೆ. ಉಳಿದೆರಡು ಆ ಚೌಕದೊಳಗೆ ಎಲ್ಲಿ ಬೀಳುತ್ತವೆ ಎಂಬುದನ್ನು ನಾಲ್ಕು ಸಂಖ್ಯೆಗಳಲ್ಲಿ ಬರೆದುಕೊಳ್ಳುತ್ತದೆ. ಚಿತ್ರ ತಿರುಗಿದರೂ, ಹಿಗ್ಗಿದರೂ, ಕುಗ್ಗಿದರೂ ಈ ಸಂಖ್ಯೆಗಳು ಬದಲಾಗುವುದಿಲ್ಲ. ಇಡೀ ಆಕಾಶಕ್ಕೆ ಇಂಥ ಸಂಖ್ಯೆಗಳನ್ನು ಮೊದಲೇ ಲೆಕ್ಕ ಹಾಕಿ ಇಂಡೆಕ್ಸ್ ಫೈಲ್‌ಗಳಲ್ಲಿ ಇಟ್ಟಿರುತ್ತಾರೆ. ನಿಮ್ಮ ಚಿತ್ರದ್ದು ಅಲ್ಲಿ ಯಾವುದಕ್ಕಾದರೂ ಹೊಂದಿದರೆ, 'ಹಾಗಾದರೆ ಇಂಥಲ್ಲಿ ಇನ್ನೊಂದು ನಕ್ಷತ್ರ ಇರಬೇಕಲ್ಲ' ಎಂದು ಉಳಿದವನ್ನೂ ಪರೀಕ್ಷಿಸಿ ಆಮೇಲೆ ಒಪ್ಪಿಕೊಳ್ಳುತ್ತದೆ. ಡಸ್ಟಿನ್ ಲ್ಯಾಂಗ್, ಡೇವಿಡ್ ಹಾಗ್ ಮತ್ತು ಜೊತೆಗಾರರು 2010ರಲ್ಲಿ ಇದನ್ನು ಪ್ರಬಂಧವಾಗಿ ಪ್ರಕಟಿಸಿದರು.

ಹಾನ್ ಕ್ಲೈನ್ ಬರೆದಿರುವ ಆಸ್ಟ್ಯಾಪ್ ಕೂಡ ನಾಲ್ಕರ ಗುಂಪನ್ನೇ ಬಳಸುತ್ತದೆ, ಲೆಕ್ಕ ಮಾತ್ರ ಬೇರೆ. ನಾಲ್ಕು ನಕ್ಷತ್ರಗಳ ನಡುವಿನ ಆರು ದೂರಗಳನ್ನು ಅಳೆದು, ದೊಡ್ಡದರಿಂದ ಉಳಿದ ಐದನ್ನು ಭಾಗಿಸಿ ಹೋಲಿಸುತ್ತದೆ.

ಇವೆರಡರ ನಡುವೆ ಬಳಸುವವರು ತಿಳಿದಿರಬೇಕಾದ ವ್ಯತ್ಯಾಸ ಒಂದಿದೆ. ಆಸ್ಟ್ರೋಮೆಟ್ರಿ ಡಾಟ್ ನೆಟ್ ಯಾವ ಸುಳಿವೂ ಇಲ್ಲದೆ ಇಡೀ ಆಕಾಶದಲ್ಲಿ ಹುಡುಕಬಲ್ಲದು. ಆಸ್ಟ್ಯಾಪ್ ನೀವು ಹೇಳಿದ ಜಾಗದಿಂದ ಶುರು ಮಾಡಿ ಸುತ್ತು ದೊಡ್ಡದು ಮಾಡುತ್ತಾ ಹೋಗುತ್ತದೆ. ಸುಳಿವು ಹತ್ತಿರದ್ದಾದರೆ ಕೆಲವೇ ಸೆಕೆಂಡು ಸಾಕು. ಎಲ್ಲೋ ಇದ್ದರೆ ಕಾಫಿ ಕುಡಿದು ಬನ್ನಿ.

ಏನೂ ಇನ್‌ಸ್ಟಾಲ್ ಮಾಡದೆ ಒಮ್ಮೆ ನೋಡ್ಬಹುದಾ?

ಖಂಡಿತ. ಆಸ್ಟ್ರೋಮೆಟ್ರಿ ಡಾಟ್ ನೆಟ್‌ನವರದ್ದೇ ನೋವಾ ಎಂಬ ಜಾಲತಾಣವಿದೆ. ಬ್ರೌಸರ್ ಇದ್ದರೆ ಸಾಕು, ಮೊಬೈಲಾದರೂ ಸರಿ. ಜೆಪೆಗ್ ಹಾಕಿ, ಸ್ವಲ್ಪ ಕಾಯಿರಿ, ಹೆಸರುಗಳನ್ನು ಗುರುತಿಸಿದ ಚಿತ್ರ ಬರುತ್ತದೆ. ಹಾಕುವ ಮುಂಚೆ ಹೆಚ್ಚಿನ ಆಯ್ಕೆಗಳನ್ನು ತೆರೆದು, ಚಿತ್ರ ಎಲ್ಲರಿಗೂ ಕಾಣಬೇಕಾ ಬೇಡವಾ ಎಂಬುದನ್ನು ನೋಡಿಕೊಳ್ಳಿ.

ನಂದು ವಿಂಡೋಸ್, ಗೆಳೆಯಂದು ಮ್ಯಾಕ್, ಟೆಲಿಸ್ಕೋಪ್ ಮೇಲೆ ರಾಸ್ಪ್‌ಬೆರಿ ಪೈ. ಎಲ್ಲಕ್ಕೂ ಒಂದೇ ಸಾಫ್ಟ್‌ವೇರ್ ಇಲ್ವಾ?

ಇದೆ. ನಾನು ಮೊದಲು ಹೇಳುವುದು ಆಸ್ಟ್ಯಾಪ್ ಹೆಸರನ್ನೇ. ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲೂ ಓಡುತ್ತದೆ, ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ ಬೇಡ.

ಕ್ಯಾಮೆರಾ, ಮೌಂಟ್ ಎಲ್ಲ ನಡೆಸುವ ಸಾಫ್ಟ್‌ವೇರ್ ವಿಷಯ ಬೇರೆ. ನೀನಾ ವಿಂಡೋಸ್‌ಗೆ ಮಾತ್ರ; ಅದು ಸಾಲ್ವ್ ಮಾಡಲು ಆಸ್ಟ್ಯಾಪ್‌ನಂಥ ಹೊರಗಿನ ಸಾಲ್ವರನ್ನೇ ಕರೆಯುತ್ತದೆ. ಕೆಸ್ಟಾರ್ಸ್ ಮತ್ತು ಅದರೊಳಗಿನ ಈಕೋಸ್ ಮೂರೂ ಕಡೆ ಸಿಗುತ್ತವೆ. ಅದರಲ್ಲಿ ಸ್ಟೆಲ್ಲರ್‌ಸಾಲ್ವರ್ ಎಂಬ ಸ್ವಂತ ಸಾಲ್ವರ್ ಇದ್ದು, ಆಸ್ಟ್ರೋಮೆಟ್ರಿ ಡಾಟ್ ನೆಟ್‌ನ ಇಂಡೆಕ್ಸ್ ಫೈಲ್‌ಗಳನ್ನೇ ಓದುತ್ತದೆ. ಫೋಟೋ ಸಂಸ್ಕರಣೆಗೆ ಸಿರಿಲ್ ಬಳಸುವವರಿಗೆ ಅದರಲ್ಲೂ ಸಾಲ್ವಿಂಗ್ ಇದೆ.

## ಹಾಕಿಕೊಳ್ಳುವಾಗ

ಆಸ್ಟ್ಯಾಪ್ ಹಾಕ್ಕೊಂಡೆ, ಆದ್ರೆ ಡೇಟಾಬೇಸ್ ಸಿಗ್ಲಿಲ್ಲ ಅನ್ನುತ್ತೆ. ಏನು ಬಿಟ್ಟುಹೋಯ್ತು?

ನಕ್ಷತ್ರಗಳ ಡೇಟಾಬೇಸ್ ಬಿಟ್ಟುಹೋಗಿದೆ. ಪ್ರೋಗ್ರಾಂ ಬೇರೆ, ಡೇಟಾಬೇಸ್ ಬೇರೆ; ಎರಡನ್ನೂ ಇಳಿಸಿಕೊಳ್ಳಬೇಕು. ಡಿ05, ಡಿ20, ಡಿ50, ಡಿ80 ಎಂಬ ಹೆಸರುಗಳು ಕಾಣುತ್ತವೆ. ಸಂಖ್ಯೆ ಹೆಚ್ಚಿದಷ್ಟೂ ಒಂದು ಚದರ ಡಿಗ್ರಿಯಲ್ಲಿ ಜಾಸ್ತಿ ನಕ್ಷತ್ರ: ಡಿ05ರಲ್ಲಿ 500ರವರೆಗೆ, ಡಿ50ರಲ್ಲಿ 5000ದವರೆಗೆ. ಚಿತ್ರದ ಎತ್ತರ 0.6ರಿಂದ 6 ಡಿಗ್ರಿ ಒಳಗಿದ್ದರೆ ಡಿ05 ಸಾಕು. ಉದ್ದ ಫೋಕಲ್ ಲೆಂತ್‌ನ ಟೆಲಿಸ್ಕೋಪ್ ಇದ್ದರೆ ಡಿ50. ಸಾಮಾನ್ಯ ಕ್ಯಾಮೆರಾ ಲೆನ್ಸ್‌ನವರಿಗೆ ಜಿ05, 20 ಡಿಗ್ರಿ ದಾಟಿದ ಅಗಲದ ಚಿತ್ರಕ್ಕೆ ಡಬ್ಲ್ಯೂ08. ಯಾವುದೆಂದು ತಿಳಿಯದಿದ್ದರೆ ಡಿ50 ಮತ್ತು ಜಿ05 ಎರಡನ್ನೂ ಹಾಕಿಬಿಡಿ. ಡಿಸ್ಕ್‌ನಲ್ಲಿ ಜಾಗ ಹೋಗುತ್ತದೆ, ತಲೆನೋವು ತಪ್ಪುತ್ತದೆ.

ಡೇಟಾಬೇಸ್ ಪ್ರೋಗ್ರಾಂ ನೋಡುವ ಫೋಲ್ಡರ್‌ನಲ್ಲೇ ಇರಬೇಕು. ವಿಂಡೋಸ್‌ನಲ್ಲಿ ಪ್ರೋಗ್ರಾಂ ಫೈಲ್ಸ್ ಒಳಗಿನ ಆಸ್ಟ್ಯಾಪ್ ಫೋಲ್ಡರ್, ಲಿನಕ್ಸ್‌ನಲ್ಲಿ ಆಪ್ಟ್ ಫೋಲ್ಡರ್ ಒಳಗಿನ ಆಸ್ಟ್ಯಾಪ್. ಇನ್‌ಸ್ಟಾಲರ್ ಬಳಸಿದರೆ ತಾನೇ ಅಲ್ಲಿಗೆ ಹೋಗುತ್ತದೆ. ಜಿಪ್ ಇಳಿಸಿ ಡೌನ್‌ಲೋಡ್ಸ್‌ನಲ್ಲೇ ಬಿಚ್ಚಿಟ್ಟವರಿಗೆ ಈ ದೂರು ಬರುತ್ತದೆ.

ಮ್ಯಾಕ್‌ನಲ್ಲಿ ತೆರೆಯೋಕೇ ಬಿಡ್ತಿಲ್ಲ. ವೈರಸ್ಸಾ?

ಅಲ್ಲ. ಆಪಲ್ ಬಳಿ ನೋಂದಾಯಿಸಿ ಸಹಿ ಮಾಡಿಸದ ಪ್ರೋಗ್ರಾಂಗಳನ್ನು ಮ್ಯಾಕ್ ತಡೆಯುತ್ತದೆ. ಅಧಿಕೃತ ಜಾಗದಿಂದಲೇ ಇಳಿಸಿದ್ದೀರಾ ಎಂದು ಖಚಿತಪಡಿಸಿಕೊಳ್ಳಿ. ಒಮ್ಮೆ ತೆರೆಯಲು ನೋಡಿ, ತಡೆದ ಮೇಲೆ ಸಿಸ್ಟಂ ಸೆಟ್ಟಿಂಗ್ಸ್‌ನ ಪ್ರೈವಸಿ ಅಂಡ್ ಸೆಕ್ಯುರಿಟಿಗೆ ಹೋಗಿ. ಕೆಳಗೆ 'ಓಪನ್ ಎನಿವೇ' ಬಟನ್ ಬಂದಿರುತ್ತದೆ. ಕಂಟ್ರೋಲ್ ಒತ್ತಿ ಕ್ಲಿಕ್ ಮಾಡುವ ಹಳೆಯ ಉಪಾಯ 2024ರ ಸಿಕೋಯಾದಿಂದ ಈಚೆಗೆ ನಡೆಯುವುದಿಲ್ಲ. ಹಳೆಯ ವಿಡಿಯೋ ನೋಡಿ ಅದನ್ನೇ ಮಾಡುತ್ತಾ ಕೂರಬೇಡಿ.

ಮ್ಯಾಕ್‌ನಲ್ಲಿ ಆಸ್ಟ್ರೋಮೆಟ್ರಿ ಡಾಟ್ ನೆಟ್ ಬೇಕಾದರೆ ಪ್ರೋಗ್ರಾಂಗಳನ್ನು ಇಳಿಸಿ ಹಾಕಿಕೊಡುವ ಹೋಮ್‌ಬ್ರೂ ಮೂಲಕ ಹಾಕಿಕೊಳ್ಳುವುದು ಸುಲಭ. ಆದರೆ ಇಂಟೆಲ್ ಮ್ಯಾಕ್‌ನಲ್ಲಿ ಹೋಮ್‌ಬ್ರೂ ತನ್ನ ಸಾಮಾನನ್ನು ಯೂಸರ್-ಲೋಕಲ್ ಫೋಲ್ಡರ್‌ನಲ್ಲಿ ಇಡುತ್ತದೆ, ಎಂ1 ಮತ್ತು ನಂತರದವುಗಳಲ್ಲಿ ಆಪ್ಟ್-ಹೋಮ್‌ಬ್ರೂನಲ್ಲಿ. ಹಳೆಯ ಮ್ಯಾಕ್‌ನಿಂದ ಸೆಟ್ಟಿಂಗ್ಸ್ ನಕಲು ಮಾಡಿಕೊಂಡವರ ಸಾಲ್ವರ್ 'ಕಾಣೆಯಾಗುವುದು' ಹೀಗೆ.

ವಿಂಡೋಸ್‌ನಲ್ಲಿ ಆಸ್ಟ್ರೋಮೆಟ್ರಿ ಡಾಟ್ ನೆಟ್ ಓಡುತ್ತಾ?

ನೇರವಾಗಿ ಓಡುವುದಿಲ್ಲ, ಅದು ಯುನಿಕ್ಸ್ ಲೋಕದ ಪ್ರೋಗ್ರಾಂ. ಎರಡು ದಾರಿಗಳಿವೆ. ಎಎನ್‌ಎಸ್‌ವಿಆರ್ ಎಂಬ ಪ್ಯಾಕೇಜ್ ಯುನಿಕ್ಸ್ ಪ್ರೋಗ್ರಾಂಗಳನ್ನು ವಿಂಡೋಸ್‌ನಲ್ಲಿ ಓಡಿಸುವ ಸಿಗ್‌ವಿನ್ ನೆರವಿನಿಂದ ನಿಮ್ಮ ಕಂಪ್ಯೂಟರಿನೊಳಗೇ ಒಂದು ಪುಟ್ಟ ನೋವಾವನ್ನು ನಡೆಸುತ್ತದೆ. ಹಳೆಯದು, ಆದರೆ ಬಳಸುವವರು ಈಗಲೂ ಇದ್ದಾರೆ. ಇನ್ನೊಂದು ದಾರಿ ಡಬ್ಲ್ಯೂಎಸ್‌ಎಲ್. ವಿಂಡೋಸ್ ಒಳಗೆ ಉಬುಂಟು ಎಂಬ ಲಿನಕ್ಸ್ ಹಾಕಿ, ಅದರಲ್ಲಿ ಲಿನಕ್ಸ್‌ನವರಂತೆಯೇ ನಡೆಸುವುದು. ಹೊಸದಾಗಿ ಮಾಡುವವರಿಗೆ ನಾನು ಹೇಳುವುದು ಇದನ್ನೇ.

ಡಬ್ಲ್ಯೂಎಸ್‌ಎಲ್‌ನಲ್ಲಿ ಸಿ ಡ್ರೈವ್‌ನ ಫೋಟೋಗಳು ಎಂಎನ್‌ಟಿ ಫೋಲ್ಡರ್ ಒಳಗೆ ಕಾಣುತ್ತವೆ. ಅಲ್ಲಿಂದಲೇ ಓದಿಸಬಹುದು, ಆದರೆ ನಿಧಾನ. ಇಂಡೆಕ್ಸ್ ಫೈಲ್‌ಗಳನ್ನಂತೂ ಉಬುಂಟುವಿನ ಒಳಗೇ ಇಡಿ.

ಉಬುಂಟು, ಪೈನಲ್ಲಿ ಒಂದೇ ಕಮಾಂಡ್‌ನಲ್ಲಿ ಬಂತು. ಆದ್ರೂ ಯಾವ ಚಿತ್ರನೂ ಸಾಲ್ವ್ ಆಗಲ್ಲ ಯಾಕೆ?

ಪ್ಯಾಕೇಜ್‌ಗಳನ್ನು ಇಳಿಸಿ ಹಾಕುವ ಎಪಿಟಿ ಕಮಾಂಡ್‌ನಿಂದ ಮುಖ್ಯ ಪ್ಯಾಕೇಜ್ ಮಾತ್ರ ಹಾಕಿದರೆ ನಿಮಗೆ ಬೇಕಾದ ಇಂಡೆಕ್ಸ್ ಫೈಲ್‌ಗಳು ಬಂದಿರಲಿಕ್ಕಿಲ್ಲ. ಆಸ್ಟ್ರೋಮೆಟ್ರಿ ಡೇಟಾ ಎಂದು ಶುರುವಾಗುವ ಪ್ಯಾಕೇಜ್‌ಗಳು ಬೇರೆಯೇ ಇವೆ. ಕೈಯಾರೆ ಇಳಿಸಿದವನ್ನು ಬೇರೆ ಫೋಲ್ಡರ್‌ನಲ್ಲಿ ಇಟ್ಟಿದ್ದರೆ, ಆಸ್ಟ್ರೋಮೆಟ್ರಿ ಕಾನ್ಫಿಗ್ ಫೈಲ್‌ನಲ್ಲಿ ಆ ಜಾಗದ ಹೆಸರು ಸೇರಿಸಬೇಕು. ಅದು ಇಟಿಸಿ ಫೋಲ್ಡರ್‌ನಲ್ಲಿರುತ್ತದೆ.

ಇಂಡೆಕ್ಸ್ ಫೈಲ್ ಎಲ್ಲಾ ಇಳಿಸ್ಕೊಂಡ್ರೆ ಡಿಸ್ಕೇ ತುಂಬಿಹೋಗುತ್ತೆ. ಯಾವುದು ಸಾಕು?

ಒಂದು ಇಂಡೆಕ್ಸ್ ಫೈಲ್ ಎಂದರೆ ಒಂದು ಗಾತ್ರದ ನಕ್ಷತ್ರಗುಂಪುಗಳ ಪಟ್ಟಿ. ನಿಮ್ಮ ಚಿತ್ರದ ಅಗಲದ ಶೇಕಡ 10ರಿಂದ 100ರವರೆಗಿನ ಗಾತ್ರದವು ಇದ್ದರೆ ಸಾಕು. 4100 ಸರಣಿ ಒಂದು ಡಿಗ್ರಿಗಿಂತ ಅಗಲವಾದ ಚಿತ್ರಗಳಿಗೆ, 5200 ಸರಣಿ ಅದಕ್ಕಿಂತ ಕಿರಿದಾದವಕ್ಕೆ. 135 ಎಂಎಂ ಲೆನ್ಸ್ ಮತ್ತು ಸಾಮಾನ್ಯ ಡಿಎಸ್‌ಎಲ್‌ಆರ್‌ನಲ್ಲಿ ಚಿತ್ರ ಸುಮಾರು 10 ಡಿಗ್ರಿ, ಅಂದರೆ 600 ಆರ್ಕ್‌ಮಿನಿಟ್ ಅಗಲ ಬರುತ್ತದೆ. ಅದಕ್ಕೆ 60 ಆರ್ಕ್‌ಮಿನಿಟ್‌ನಿಂದ ಶುರುವಾಗುವ 4110ರಿಂದ 4116ರವರೆಗೆ ಸಾಕು. ಇವು ಪುಟ್ಟ ಫೈಲ್‌ಗಳು.

ದೊಡ್ಡ ಟೆಲಿಸ್ಕೋಪ್‌ನವರಿಗೆ ಮಾತ್ರ ಭಾರ. ಅರ್ಧ ಡಿಗ್ರಿಯ ಚಿತ್ರಕ್ಕೆ 5200 ಸರಣಿಗೆ ಕೈ ಹಾಕಲೇಬೇಕು. ಅದರಲ್ಲಿ ಒಂದೊಂದು ಗಾತ್ರವನ್ನೂ ಆಕಾಶದ 48 ತುಂಡುಗಳಾಗಿ ಹಂಚಿದ್ದಾರೆ. ಡೌನ್‌ಲೋಡ್ ನಡುವೆ ನಿಂತು ಒಂದು ತುಂಡು ಅರ್ಧ ಬಂದಿದ್ದರೆ, ಆ ಭಾಗದ ಆಕಾಶ ಸಾಲ್ವ್ ಆಗದೆ ಉಳಿದದ್ದೆಲ್ಲ ಸರಿಯಾಗಿರುತ್ತದೆ. 'ವೃಶ್ಚಿಕದಲ್ಲಿ ಆಗುತ್ತೆ, ಸಿಂಹದಲ್ಲಿ ಆಗಲ್ಲ' ಎಂಬ ವಿಚಿತ್ರ ದೂರು ಬಂದರೆ ಮೊದಲು ಫೈಲ್‌ಗಳ ಗಾತ್ರ ನೋಡಿ.

## ಸಾಲ್ವ್ ಆಗದಿದ್ದಾಗ

ಸ್ಕೇಲ್ ಕೇಳುತ್ತೆ. ಎಷ್ಟು ಅಂತ ಎಲ್ಲಿ ನೋಡೋದು?

ಲೆಕ್ಕ ಹಾಕಿ, ಒಂದೇ ಸಾಲಿನದು. ಪಿಕ್ಸೆಲ್ ಗಾತ್ರವನ್ನು ಮೈಕ್ರಾನ್‌ನಲ್ಲಿ ತೆಗೆದುಕೊಂಡು 206.265ರಿಂದ ಗುಣಿಸಿ, ಫೋಕಲ್ ಲೆಂತ್‌ನಿಂದ, ಅದೂ ಮಿಲಿಮೀಟರ್‌ನಲ್ಲಿ, ಭಾಗಿಸಿ. ಬರುವುದು ಪಿಕ್ಸೆಲ್‌ಗೆ ಎಷ್ಟು ಆರ್ಕ್‌ಸೆಕೆಂಡ್ ಎಂಬುದು.

3.76 ಮೈಕ್ರಾನ್ ಪಿಕ್ಸೆಲ್, 400 ಎಂಎಂ ಟೆಲಿಸ್ಕೋಪ್ ಇದೆ ಅಂದುಕೊಳ್ಳಿ. 3.76 ಗುಣಿಸು 206.265, ಭಾಗಿಸು 400. ಉತ್ತರ 1.94. ಕ್ಯಾಮೆರಾದ ಎತ್ತರ 4176 ಪಿಕ್ಸೆಲ್ ಆದರೆ, 4176 ಗುಣಿಸು 1.94, ಭಾಗಿಸು 3600. ಸುಮಾರು 2.25 ಡಿಗ್ರಿ. ಆಸ್ಟ್ಯಾಪ್ ಕೇಳುವುದು ಈ ಎರಡನೆಯ ಸಂಖ್ಯೆಯನ್ನು, ಅದೂ ಚಿತ್ರದ ಎತ್ತರವನ್ನು. ಅಗಲ ಕೊಟ್ಟರೆ ತಪ್ಪುತ್ತದೆ. ಆಸ್ಟ್ರೋಮೆಟ್ರಿ ಡಾಟ್ ನೆಟ್‌ಗೆ ಮೊದಲನೆಯದನ್ನು ಕೊಡಿ, ಸ್ವಲ್ಪ ಸಡಿಲ ಬಿಟ್ಟು: ಕನಿಷ್ಠ 1.75, ಗರಿಷ್ಠ 2.15.

ಲೆಕ್ಕ ಎಲ್ಲರಿಗೂ ಬರುತ್ತದೆ, ಎಡವುವುದು ಒಳಗೆ ಹಾಕುವ ಸಂಖ್ಯೆಯಲ್ಲಿ. ಫೋಕಲ್ ಲೆಂತ್ ಕಡಿಮೆ ಮಾಡುವ ರೆಡ್ಯೂಸರ್ ಹಾಕಿದ್ದನ್ನು ಮರೆತಿರುತ್ತೇವೆ. 0.8ರ ರೆಡ್ಯೂಸರ್ 400ನ್ನು 320 ಮಾಡುತ್ತದೆ, ಸ್ಕೇಲ್ 2.42 ಆಗುತ್ತದೆ, ಮೇಲಿನ ಮಿತಿಯ ಆಚೆಗೆ ಹೋಗಿಯೇಬಿಡುತ್ತದೆ. 2x2 ಬಿನ್ ಮಾಡಿದರೆ, ಅಂದರೆ ನಾಲ್ಕು ಪಿಕ್ಸೆಲ್ ಕೂಡಿಸಿ ಒಂದು ಮಾಡಿದರೆ, ಪಿಕ್ಸೆಲ್ ದುಪ್ಪಟ್ಟಾದಂತೆ. ಝೂಮ್ ಲೆನ್ಸ್‌ನ ಉಂಗುರದ ಮೇಲೆ ಬರೆದ ಸಂಖ್ಯೆಯನ್ನು ನಂಬಲು ಹೋಗಬೇಡಿ. ವಾಟ್ಸಾಪ್‌ನಲ್ಲಿ ಬಂದ ಫೋಟೋ ಕುಗ್ಗಿರುತ್ತದೆ, ಅದಕ್ಕೆ ಕ್ಯಾಮೆರಾದ ಪಿಕ್ಸೆಲ್ ಗಾತ್ರ ಹೊಂದುವುದೇ ಇಲ್ಲ. ಇಂಥ ಅನುಮಾನ ಇದ್ದಾಗ ಒಂದು ಚಿತ್ರವನ್ನು ನೋವಾಗೆ ಹಾಕಿ, ಅದು ಹೇಳಿದ ಸ್ಕೇಲನ್ನೇ ಬರೆದಿಟ್ಟುಕೊಳ್ಳಿ. ಆ ಲೆನ್ಸ್, ಆ ಕ್ಯಾಮೆರಾ ಇರುವವರೆಗೂ ಅದು ಬದಲಾಗದು.

ನಕ್ಷತ್ರ ಚೆನ್ನಾಗೇ ಕಾಣ್ತಿದೆ, ಸ್ಕೇಲೂ ಸರಿ ಇದೆ. ಆದ್ರೂ ಆಗ್ತಿಲ್ಲ?

ಚಿತ್ರವನ್ನು ಪೂರ್ತಿ ದೊಡ್ಡದು ಮಾಡಿ ಒಂದು ನಕ್ಷತ್ರ ನೋಡಿ. ಗೆರೆಯಾಗಿ ಎಳೆದಿದೆಯಾ, ಫೋಕಸ್ ತಪ್ಪಿ ಬಳೆಯಂತಾಗಿದೆಯಾ? ಎರಡರಲ್ಲೂ ಸಾಲ್ವರ್‌ಗೆ ಅದು ನಕ್ಷತ್ರವೆಂದೇ ತೋರುವುದಿಲ್ಲ. ಡಾರ್ಕ್ (ಲೆನ್ಸ್ ಮುಚ್ಚಿ ತೆಗೆದ ಫ್ರೇಮ್) ಕಳೆಯದ ಚಿತ್ರದಲ್ಲಿ ಹಾಟ್ ಪಿಕ್ಸೆಲ್‌ಗಳು, ಅಂದರೆ ಬೆಳಕಿಲ್ಲದೆಯೂ ಹೊಳೆಯುವ ಪಿಕ್ಸೆಲ್‌ಗಳು, ಸುಳ್ಳು ನಕ್ಷತ್ರಗಳಾಗಿ ಗುಂಪಿನಲ್ಲಿ ಸೇರಿಕೊಳ್ಳುತ್ತವೆ. ಇದಕ್ಕೆ ಚಿತ್ರವನ್ನು ಕುಗ್ಗಿಸುವ ಡೌನ್‌ಸ್ಯಾಂಪಲ್ 2 ಅಥವಾ 4 ಕೊಟ್ಟು ನೋಡಿ, ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ, ಬೇಗವೂ ಆಗುತ್ತದೆ. ಬಣ್ಣ ಎಳೆದು, ನಕ್ಷತ್ರ ಸಣ್ಣದು ಮಾಡಿ ಅಲಂಕರಿಸಿದ ಚಿತ್ರ ಬೇಡ, ಮೂಲ ಫ್ರೇಮನ್ನೇ ಕೊಡಿ. ಚಂದ್ರನನ್ನೋ ಗುರುಗ್ರಹವನ್ನೋ ದೊಡ್ಡದಾಗಿ ತೆಗೆದ ಚಿತ್ರ ಸಾಲ್ವ್ ಆಗುವುದಿಲ್ಲ. ಅಲ್ಲಿ ಹೋಲಿಸಲು ನಕ್ಷತ್ರಗಳೇ ಮೂಡಿರುವುದಿಲ್ಲ.

ಅದೇ ಫೋಟೋ ಲಿನಕ್ಸ್‌ನಲ್ಲಿ ಆಗುತ್ತೆ, ವಿಂಡೋಸ್‌ನಲ್ಲಿ ಆಗಲ್ಲ. ವಿಂಡೋಸ್‌ದೇ ತಪ್ಪಲ್ವಾ?

ಎರಡೂ ಕಡೆ ಒಂದೇ ಡೇಟಾಬೇಸ್, ಒಂದೇ ಆವೃತ್ತಿ, ಒಂದೇ ಸೆಟ್ಟಿಂಗ್ಸ್ ಇದೆಯಾ ನೋಡಿ. ಸಾಮಾನ್ಯವಾಗಿ ಇರುವುದಿಲ್ಲ. ಒಂದರಲ್ಲಿ ಹುಡುಕುವ ವ್ಯಾಪ್ತಿ 30 ಡಿಗ್ರಿ, ಇನ್ನೊಂದರಲ್ಲಿ 5 ಇರುತ್ತದೆ.

ಇವೆಲ್ಲ ಒಂದೇ ಆಗಿದ್ದರೆ ಫೈಲ್ ಹೆಸರಿನ ಕಡೆ ನೋಡಿ. ಹೆಸರಿನ ನಡುವೆ ಖಾಲಿ ಜಾಗ ಇದ್ದು ಉದ್ಧರಣ ಚಿಹ್ನೆ ಹಾಕದಿದ್ದರೆ ಕಮಾಂಡ್ ಅರ್ಧಕ್ಕೇ ತುಂಡಾಗುತ್ತದೆ. ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರ್‌ಗೆ ಕೆಲವು ಹಳೆಯ ಪ್ರೋಗ್ರಾಂಗಳು ತಡವರಿಸಬಹುದು; ಬೇಜಾರಿನ ಸಂಗತಿ, ಆದರೂ ಆ ಒಂದು ಫೋಲ್ಡರ್‌ಗೆ ಇಂಗ್ಲಿಷ್ ಹೆಸರು ಕೊಡಿ. ಲಿನಕ್ಸ್‌ಗೆ ಹೋಗುವಾಗ ಇದರ ಉಲ್ಟಾ: ವಿಂಡೋಸ್ ದೊಡ್ಡಕ್ಷರ ಸಣ್ಣಕ್ಷರ ಭೇದ ಮಾಡುವುದಿಲ್ಲ, ಲಿನಕ್ಸ್ ಮಾಡುತ್ತದೆ.

ಕ್ಯಾಮೆರಾದ ರಾ ಫೈಲ್ ನೇರ ಕೊಟ್ಟಿದ್ದೀರಾ ಎಂಬುದೂ ಮುಖ್ಯ. ಆಸ್ಟ್ಯಾಪ್ ಅದನ್ನು ಬಿಚ್ಚಿಕೊಳ್ಳುತ್ತದೆ. ಆಸ್ಟ್ರೋಮೆಟ್ರಿ ಡಾಟ್ ನೆಟ್‌ಗೆ ಫಿಟ್ಸ್ (ಖಗೋಳ ಚಿತ್ರಗಳ ಫೈಲ್ ರೂಪ) ಅಥವಾ ಜೆಪೆಗ್ ಮಾಡಿ ಕೊಡಬೇಕು, ಜೆಪೆಗ್‌ಗೆ ನೆಟ್‌ಪಿಬಿಎಂ ಎಂಬ ಇನ್ನೊಂದು ಪ್ಯಾಕೇಜೂ ಬೇಕು.

ಊರ ಹೊರಗೆ ಕತ್ತಲ ಜಾಗದಲ್ಲಿ ನೆಟ್‌ವರ್ಕೇ ಸಿಗಲ್ಲ. ಏನು ಮಾಡ್ಲಿ?

ಆಸ್ಟ್ಯಾಪ್, ಸ್ಟೆಲ್ಲರ್‌ಸಾಲ್ವರ್ ಎರಡಕ್ಕೂ ನೆಟ್ ಬೇಡ. ಸಿರಿಲ್‌ಗೆ ಮಾತ್ರ ಲೋಕಲ್ ಕ್ಯಾಟಲಾಗ್ ಹಾಕಿಕೊಂಡಿರದಿದ್ದರೆ ಬೇಕು. ಹೊರಡುವ ಮುಂಚೆ ಮನೆಯಲ್ಲಿ ವೈಫೈ ಆಫ್ ಮಾಡಿ ಒಂದು ಹಳೆಯ ಚಿತ್ರ ಸಾಲ್ವ್ ಮಾಡಿ ನೋಡಿಬಿಡಿ.

## ಇನ್ನೂ ಮುಂದೆ ಹೋಗುವವರಿಗೆ

ಕಮಾಂಡ್ ಲೈನ್‌ನಲ್ಲಿ ಸರಿಯಾದ ಆರ್‌ಎ, ಡೆಕ್ ಕೊಟ್ಟೆ. ಅದು ಇನ್ನೆಲ್ಲೋ ಹುಡುಕ್ತಿದೆ!

ಮಾನ ಬೇರೆ ಬೇರೆ. ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ತೆಗೆದುಕೊಳ್ಳೋಣ. ಬೆಂಗಳೂರಿನಿಂದ ದಕ್ಷಿಣ ದಿಕ್ಕಿನಲ್ಲಿ 30 ಡಿಗ್ರಿಯಷ್ಟು ಎತ್ತರಕ್ಕೆ ಬರುವುದರಿಂದ ನಮ್ಮವರ ಮೆಚ್ಚಿನ ಗುರಿ ಅದು. ಆರ್‌ಎ, ಡೆಕ್ ಎಂದರೆ ಆಕಾಶದ ರೇಖಾಂಶ, ಅಕ್ಷಾಂಶ ಇದ್ದಂತೆ. ಅದರ ಆರ್‌ಎ 13 ಗಂಟೆ 27 ನಿಮಿಷ, ಡೆಕ್ ಮೈನಸ್ 47.5 ಡಿಗ್ರಿ. ಆಸ್ಟ್ರೋಮೆಟ್ರಿ ಡಾಟ್ ನೆಟ್‌ಗೆ ಬರಿಯ ದಶಮಾಂಶ ಸಂಖ್ಯೆ ಕೊಟ್ಟರೆ ಡಿಗ್ರಿ ಎಂದೇ ತಿಳಿಯುತ್ತದೆ. ಹಾಗಾಗಿ 15ರಿಂದ ಗುಣಿಸಿ 201.75 ಎನ್ನಬೇಕು, ಡೆಕ್ ಮೈನಸ್ 47.5. ಆಸ್ಟ್ಯಾಪ್‌ಗೆ ಆರ್‌ಎ ಗಂಟೆಯಲ್ಲೇ ಬೇಕು, 13.45. ಡೆಕ್ ಬದಲು ಅದು ದಕ್ಷಿಣ ಧ್ರುವದಿಂದ ಇರುವ ದೂರ ಕೇಳುತ್ತದೆ. ಕಮಾಂಡ್‌ನಲ್ಲಿ ಮೈನಸ್ ಚಿಹ್ನೆ ಬಂದು ಗೊಂದಲವಾಗದಿರಲಿ ಎಂದು ಹೀಗೆ ಮಾಡಿದ್ದಾರೆ. ಡೆಕ್‌ಗೆ 90 ಕೂಡಿಸಿ, 42.5 ಸಿಗುತ್ತದೆ. ಸ್ಕ್ರಿಪ್ಟನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಇದನ್ನು ಮರೆಯಬೇಡಿ.

ಸಾಲ್ವ್ ಆಯ್ತು, ಆದ್ರೆ ಮೌಂಟ್ ಹೇಳೋ ಜಾಗಕ್ಕೂ ಇದಕ್ಕೂ ಸುಮಾರು 20 ಆರ್ಕ್‌ಮಿನಿಟ್ ವ್ಯತ್ಯಾಸ. ಯಾರನ್ನ ನಂಬೋದು?

ಇಬ್ಬರೂ ಸರಿ ಇರಬಹುದು. ಸಾಲ್ವರ್ ಹೇಳುವುದು ಜೆ2000, ಅಂದರೆ 2000ನೇ ಇಸವಿಯ ಲೆಕ್ಕದ ಸ್ಥಾನ. ಬಹಳಷ್ಟು ಮೌಂಟ್‌ಗಳು ಇಂದಿನ ದಿನದ ಸ್ಥಾನ ಹೇಳುತ್ತವೆ. ಭೂಮಿಯ ಅಕ್ಷ ಓಲಾಡುವುದರಿಂದ ಸ್ಥಾನಗಳ ಲೆಕ್ಕ ಕ್ರಾಂತಿವೃತ್ತದ (ಆಕಾಶದಲ್ಲಿ ಸೂರ್ಯನ ಹಾದಿಯ) ಉದ್ದಕ್ಕೂ ವರ್ಷಕ್ಕೆ ಸುಮಾರು 50.3 ಆರ್ಕ್‌ಸೆಕೆಂಡ್ ಸರಿಯುತ್ತದೆ, 25 ವರ್ಷಕ್ಕೆ 21 ಆರ್ಕ್‌ಮಿನಿಟ್. ಪಂಚಾಂಗದವರು ಅಯನಾಂಶ ಎನ್ನುವುದೂ ಇದೇ ಓಲಾಟದ ಲೆಕ್ಕ. ಮೌಂಟ್ ಡ್ರೈವರ್‌ನಲ್ಲಿ ಜೆನೌ (ಇಂದಿನ ದಿನದ ಸ್ಥಾನ) ಅಥವಾ ಜೆ2000 ಆರಿಸುವ ಜಾಗ ನೋಡಿ. ವ್ಯತ್ಯಾಸ ಇದಕ್ಕಿಂತ ಬಹಳ ಜಾಸ್ತಿ ಇದ್ದರೆ ಮೌಂಟ್‌ನ ಜೋಡಣೆಯೇ ಸರಿಯಿಲ್ಲ.

ಹೆಸರುಗಳು ತಲೆಕೆಳಗಾಗಿ ಬೇರೆ ನಕ್ಷತ್ರದ ಮೇಲೆ ಕೂತಿವೆ. ಸಾಲ್ವ್ ತಪ್ಪಾಯ್ತಾ?

ಸಾಲ್ವ್ ಸರಿ ಇದೆ, ಚಿತ್ರವನ್ನು ತೋರಿಸುವ ಪ್ರೋಗ್ರಾಂ ಸಾಲುಗಳನ್ನು ತಿರುಗಿಸಿ ಓದಿದೆ. ಫಿಟ್ಸ್ ಚಿತ್ರವನ್ನು ಕೆಲವು ಪ್ರೋಗ್ರಾಂಗಳು ಕೆಳಗಿನ ಸಾಲಿನಿಂದ ಮೇಲಕ್ಕೆ ಬರೆಯುತ್ತವೆ, ಕೆಲವು ಮೇಲಿನಿಂದ ಕೆಳಕ್ಕೆ. ಇತ್ತೀಚಿನವು ಫೈಲ್‌ನ ಶುರುವಿನ ಮಾಹಿತಿ ಭಾಗವಾದ ಹೆಡರ್‌ನಲ್ಲಿ ರೋಆರ್ಡರ್ ಎಂದು ಬರೆದಿಡುತ್ತವೆ. ಅದು ಇಲ್ಲದಿದ್ದರೆ ಊಹೆಯ ಆಟ. ಸಾಲ್ವ್ ಮಾಡಿದ ಪ್ರೋಗ್ರಾಂನಲ್ಲೇ ಹೆಸರು ಬರೆಸಿದರೆ ಈ ರಗಳೆ ಇರುವುದಿಲ್ಲ. ಡಯಾಗನಲ್ ಕನ್ನಡಿಯ ಮೂಲಕ ತೆಗೆದ ಚಿತ್ರ ನಿಜಕ್ಕೂ ಎಡಬಲ ಅದಲುಬದಲಾಗಿರುತ್ತದೆ, ಅದನ್ನು ಸಾಲ್ವರ್‌ಗಳು ತಾವೇ ಗುರುತಿಸುತ್ತವೆ.

50 ಎಂಎಂ ಲೆನ್ಸ್‌ನಲ್ಲಿ ಮಧ್ಯದ ನಕ್ಷತ್ರ ಸರಿ, ಅಂಚಿನಲ್ಲಿ ಗುರುತು ಪಕ್ಕಕ್ಕೆ ಹೋಗಿದೆ.

ಇದು ಲೆನ್ಸ್‌ನ ಡಿಸ್ಟಾರ್ಶನ್, ಅಂದರೆ ಅಂಚಿನ ಕಡೆ ಚಿತ್ರ ವಕ್ರವಾಗುವುದು. ಅಷ್ಟು ಅಗಲದ ಚಿತ್ರದಲ್ಲಿ ಬರೀ ನೇರ ಲೆಕ್ಕ ಸಾಲದು. ಎಸ್‌ಐಪಿ ಎಂಬ ತಿದ್ದುಪಡಿಯನ್ನು ಹೆಡರ್‌ಗೆ ಸೇರಿಸಬೇಕು. ಆಸ್ಟ್ರೋಮೆಟ್ರಿ ಡಾಟ್ ನೆಟ್ ಎರಡನೇ ದರ್ಜೆಯದನ್ನು ತಾನೇ ಸೇರಿಸುತ್ತದೆ, ಅಗಲ ಲೆನ್ಸ್‌ಗೆ ಮೂರಕ್ಕೆ ಏರಿಸಿ ನೋಡಿ. ಆಸ್ಟ್ಯಾಪ್‌ನಲ್ಲಿ ಆ ಆಯ್ಕೆಯನ್ನು ನೀವೇ ಆನ್ ಮಾಡಬೇಕು.

ಒಂದು ರಾತ್ರಿಯ ನೂರಾರು ಫ್ರೇಮ್ ಒಟ್ಟಿಗೆ ಸಾಲ್ವ್ ಮಾಡ್ಬೇಕು. ಪೈನಲ್ಲಿ ಬೆಳಗಾಗುತ್ತೆ!

ಮೊದಲ ಫ್ರೇಮ್ ಮಾತ್ರ ಪೂರ್ತಿ ಆಕಾಶದಲ್ಲಿ ಹುಡುಕಲಿ. ಅದರ ಉತ್ತರವನ್ನೇ ಉಳಿದವಕ್ಕೆ ಸುಳಿವಾಗಿ ಕೊಟ್ಟು, ವ್ಯಾಪ್ತಿಯನ್ನು ಒಂದೆರಡು ಡಿಗ್ರಿಗೆ ಇಳಿಸಿ. ಸ್ಕೇಲ್ ಮಿತಿಯನ್ನೂ ಬಿಗಿ ಮಾಡಿ, ಈಗ ಅದು ಖಚಿತವಾಗಿ ಗೊತ್ತಿದೆಯಲ್ಲ. ಆಸ್ಟ್ರೋಮೆಟ್ರಿ ಡಾಟ್ ನೆಟ್ ಆದರೆ ಪ್ಲಾಟ್‌ಗಳನ್ನು (ಗುರುತು ಹಾಕಿದ ಚಿತ್ರಗಳನ್ನು) ಬರೆಯುವುದನ್ನು ನಿಲ್ಲಿಸಿ, ಒಂದು ಚಿತ್ರಕ್ಕೆ ಇಷ್ಟೇ ಸೆಕೆಂಡು ಎಂದು ಸಿಪಿಯು ಮಿತಿ ಹಾಕಿ. ಇಲ್ಲವಾದರೆ ಮೋಡ ಬಂದ ಒಂದು ಫ್ರೇಮ್ ಇಡೀ ಸಾಲನ್ನು ನಿಲ್ಲಿಸುತ್ತದೆ. ಪೈನಲ್ಲಿ ಇಂಡೆಕ್ಸ್ ಫೈಲ್‌ಗಳನ್ನು ಎಸ್‌ಡಿ ಕಾರ್ಡ್‌ನಿಂದ ಎಸ್‌ಎಸ್‌ಡಿಗೆ ಸಾಗಿಸಿದರೂ ವೇಗದಲ್ಲಿ ವ್ಯತ್ಯಾಸ ಕಾಣುತ್ತದೆ.

ಆಸ್ಟ್ಯಾಪ್, ಆಸ್ಟ್ರೋಮೆಟ್ರಿ ಡಾಟ್ ನೆಟ್ ಎರಡೂ ಚಿತ್ರದ ಪಕ್ಕದಲ್ಲಿ ಡಬ್ಲ್ಯೂಸಿಎಸ್ ಎಂಬ ಪುಟ್ಟ ಫೈಲ್ ಬರೆಯುತ್ತವೆ, ಸಾಲ್ವ್‌ನ ಉತ್ತರವೆಲ್ಲ ಅದರಲ್ಲೇ ಇರುತ್ತದೆ. ಅದರ ರೂಪ ಮೂರೂ ಆಪರೇಟಿಂಗ್ ಸಿಸ್ಟಂಗಳಲ್ಲಿ ಒಂದೇ. ಪೈನಲ್ಲಿ ಸಾಲ್ವ್ ಮಾಡಿದ್ದನ್ನು ಮ್ಯಾಕ್‌ನಲ್ಲಿ ಓದಬಹುದು. ಆಸ್ಟ್ರೋಮೆಟ್ರಿ ಡಾಟ್ ನೆಟ್ ಇದರ ಜೊತೆಗೆ ಇನ್ನೂ ನಾಲ್ಕಾರು ಫೈಲ್‌ಗಳನ್ನು ಉದುರಿಸುತ್ತದೆ. ಡಬ್ಲ್ಯೂಸಿಎಸ್ ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಸ್ಕ್ರಿಪ್ಟ್‌ನ ಕೊನೆಯಲ್ಲೇ ಅಳಿಸಿಹಾಕಿ.